ಮೂಗು ಎತ್ತಿದರೆ ಸಾಕೇ?

ಮಾನ್ಯ ಸಂಪಾದಕರೇ,

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ ಬರೀ ಟೈಮ್ ವೇಸ್ಟ್ ಎನ್ನುವವರಿಗೆ ಈ ಪತ್ರ. ನಾನು ಬಜಪೆ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು.

ಕಳೆದ ಮಳೆಗಾಲದಲ್ಲಿ ಮಗ ಆ ಆಟದಲ್ಲಿ ಸೆಸ್ನಾ 172 ಎಂಬ ಪುಟ್ಟ ವಿಮಾನ ಹಾರಿಸುತ್ತಿದ್ದ. ಮೇಲೇರಲು ಸ್ಟಿಕ್ ಎಳೆಯುತ್ತಲೇ ಹೋದ. ವೇಗದ ಮುಳ್ಳು ಇಳಿಯಿತು, ಎಚ್ಚರಿಕೆಯ ಹಾರ್ನ್ ಕುಂಯ್ ಎಂದಿತು, ವಿಮಾನ ಮೂಗು ಕೆಳಗೆ ಮಾಡಿ ಕುಸಿಯಿತು. 'ಬೀಳುವಾಗ ಮೂಗು ಇನ್ನೂ ತಗ್ಗಿಸಬೇಕಾ ಅಪ್ಪ?' ಎಂದ. ಹೌದು, ರೆಕ್ಕೆಯ ಮೇಲೆ ಗಾಳಿ ಸರಿಯಾಗಿ ಹರಿದರೆ ತಾನೇ ಅದು ಎತ್ತಿ ಹಿಡಿಯುವುದು! ಬೋರ್ಡಿನ ಮೇಲೆ ಎಷ್ಟು ಗೀಚಿದರೂ ಇದು ಇಷ್ಟು ಚೆನ್ನಾಗಿ ತಲೆಗೆ ಹೋಗುವುದಿಲ್ಲ.

ಎಲ್ಲವೂ ನಿಜ ಅಂತಲ್ಲ. 2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನಲ್ಲಿ ಮೆಲ್ಬರ್ನ್‌ನ ಸಾಧಾರಣ ಮನೆಗಳ ನಡುವೆ 212 ಮಹಡಿಯ ಗೋಪುರ ಎದ್ದಿತ್ತು. ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಆನ್‌ಲೈನ್ ನಕ್ಷೆಯಲ್ಲಿ ಯಾರೋ ಮಹಡಿಗಳ ಲೆಕ್ಕಕ್ಕೆ 2ರ ಬದಲು 212 ಎಂದು ಒತ್ತಿದ್ದರು. ಆಟ ಅದನ್ನೇ ನಂಬಿ ಕಟ್ಟಿತು. ಮಕ್ಕಳಿಗೆ ಇದನ್ನೂ ಹೇಳಬೇಕು.

ನನಗೆ ಜಾಸ್ತಿ ಕಾಡುವುದು ರೀಸ್ಟಾರ್ಟ್ ಬಟನ್. ಆಟದಲ್ಲಿ ವಿಮಾನ ಬಿದ್ದರೆ ಅದನ್ನು ಒತ್ತಿ ಮತ್ತೆ ಹಾರಬಹುದು, ನಿಜದಲ್ಲಿ ಹಾಗಿಲ್ಲ. ನಮ್ಮ ಮಂಗಳೂರಿನ ರನ್‌ವೇ ಗುಡ್ಡದ ನೆತ್ತಿಯಲ್ಲಿದೆ. 2010ರ ಮೇ 22ರಂದು ಅಲ್ಲಿ ನಡೆದ ವಿಮಾನ ದುರಂತದಲ್ಲಿ 158 ಜನ ತೀರಿಹೋದರು. ಆ ಬೆಳಗ್ಗೆಯನ್ನು ಈ ಊರು ಮರೆತಿಲ್ಲ. ಹಾಗಾಗಿ ಮನೆಯಲ್ಲಿ ಒಂದು ನಿಯಮ ಮಾಡಿದ್ದೇನೆ: ವಿಮಾನ ಬಿದ್ದರೆ ಆ ದಿನದ ಆಟ ಮುಗಿಯಿತು. ಯಾಕೆ ಬಿತ್ತು ಅಂತ ಮಗ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಈಗ ಹನ್ನೊಂದು ಪುಟ ಆಗಿದೆ.

– ಒಬ್ಬ ಓದುಗ, ಬಜಪೆ