ಇಲಿಗೆ ತಪ್ಪಿದ ಬೊಜ್ಜು ನಮಗೂ ತಪ್ಪೀತೆ?

ಮಾನ್ಯರೇ,

ನಿಂಬೆ, ಕಿತ್ತಳೆ ಜಾತಿಯ ಹಣ್ಣುಗಳು ಕೊಬ್ಬು ಕರಗಿಸುತ್ತವೆ ಎಂಬ ಬರಹ ನಿಮ್ಮ ಪುರವಣಿಯಲ್ಲಿ ಬಂದ ಮೇಲೆ ನಮ್ಮ ಔಷಧ ಅಂಗಡಿಯಲ್ಲಿ ಒಂದೇ ಪ್ರಶ್ನೆ: "ದಿನಾ ಬಿಸಿನೀರಿಗೆ ನಿಂಬಿಹಣ್ಣು ಹಿಂಡಿ ಕುಡಿಯಾಕತ್ತೀನ್ರಿ, ಶುಗರ್ ಗುಳಿಗಿ ಅರ್ಧ ಮಾಡ್ಲೇನ್ರಿ?"

ಬರಹದಲ್ಲಿ ಹುರುಳಿಲ್ಲವೆಂದು ನಾನು ಹೇಳುತ್ತಿಲ್ಲ. ಕಿತ್ತಳೆ ಜಾತಿಯ ಸಿಪ್ಪೆಯಲ್ಲಿ ಸಿಗುವ ನೊಬಿಲೆಟಿನ್ ಎಂಬ ಅಂಶವನ್ನು ಕೆನಡಾದ ವೆಸ್ಟರ್ನ್ ವಿಶ್ವವಿದ್ಯಾಲಯದವರು ಕೊಬ್ಬಿನ ಆಹಾರದ ಜೊತೆ ಇಲಿಗಳಿಗೆ ಕೊಟ್ಟಾಗ ಅವಕ್ಕೆ ಬೊಜ್ಜು ಬರಲಿಲ್ಲ, ಯಕೃತ್ತಿನಲ್ಲಿ ಕೊಬ್ಬು ಕೂಡಲಿಲ್ಲ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡಿತು. ಇದು 2011ರ ಮಾತು. ನರಿಂಜೆನಿನ್ ಎಂಬ ಇನ್ನೊಂದು ಅಂಶವನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯರ ಕೊಬ್ಬಿನ ಜೀವಕೋಶಗಳಿಗೆ ಹಾಕಿದಾಗ, ಕೊಬ್ಬನ್ನು ಕೂಡಿಡುವ ಆ ಕೋಶಗಳಲ್ಲಿ ಅದನ್ನು ಸುಟ್ಟು ಶಾಖ ಮಾಡುವ ಗುಣ ಕಂಡಿತು. ಆದರೆ ಅಲ್ಲಿ ಬಳಸಿದ್ದು ಬೇರ್ಪಡಿಸಿದ ಶುದ್ಧ ಅಂಶ. ಅರ್ಧ ಹೋಳು ನಿಂಬೆಯ ರಸದಿಂದ ಆ ಪ್ರಮಾಣ ಬಾರದು.

ಇನ್ನು ನಮ್ಮ ಬಳ್ಳಾರಿಯ ಬೇಸಿಗೆಯ ಮೋಸಂಬಿ ಜ್ಯೂಸ್. ಹಣ್ಣೇನೋ ಪಕ್ಕದ ಅನಂತಪುರದ ಕಡೆಯದು, ಒಳ್ಳೆಯದೇ. ಗಾಡಿಯವರು ಸಿಪ್ಪೆ ಸುಲಿದು, ಒಳಗಿನ ಬಿಳಿ ಪದರವನ್ನೂ ಚಾಕುವಿನಿಂದ ಕೆತ್ತಿ ಬುಟ್ಟಿಗೆ ಹಾಕುತ್ತಾರೆ. ಹೆಸ್ಪೆರಿಡಿನ್ ಎಂಬ, ಇದೇ ಬಗೆಯ ಮತ್ತೊಂದು ಅಂಶ ಹೆಚ್ಚಿರುವುದು ಅದೇ ಬಿಳಿ ಪದರದಲ್ಲಿ! ಉಳಿದ ರಸವನ್ನು ಸೋಸಿ ನಾರೂ ತೆಗೆದು, ಮೇಲೆ ಎರಡು ಚಮಚ ಸಕ್ಕರೆ. ಕುಡಿದ ಕೂಡಲೇ ರಕ್ತದ ಸಕ್ಕರೆ ಏರುತ್ತದೆ, ಅದರ ಹಿಂದೆಯೇ ಇನ್ಸುಲಿನ್ ಏರಿ ಕೊಬ್ಬಿನ ಕೋಶಗಳಿಗೆ 'ಕೂಡಿಡು' ಎಂದು ಹೇಳುತ್ತದೆ. ತೊಳೆ ಬಿಡಿಸಿ ತಿಂದರೆ ನಾರಾದರೂ ಹೊಟ್ಟೆಗೆ ಹೋದೀತು.

ನಿಮ್ಮ ಬರಹದಲ್ಲಿ ಬರಲೇಬೇಕಿದ್ದ ಇನ್ನೊಂದು ಮಾತು ಬಿಟ್ಟುಹೋಗಿದೆ. ಗ್ರೇಪ್‌ಫ್ರೂಟ್ ಎಂಬ ಕಿತ್ತಳೆ ಜಾತಿಯ ಹಣ್ಣು ಮತ್ತು ಅದರ ಮೂಲವಾದ ನಮ್ಮ ಚಕೋತದಲ್ಲಿರುವ ಕೆಲವು ಅಂಶಗಳು, ಔಷಧವನ್ನು ಒಡೆಯುವ ಕರುಳಿನ ಕಿಣ್ವವನ್ನು ತಡೆಯುತ್ತವೆ. ಕೊಲೆಸ್ಟ್ರಾಲ್‌ಗೆ ಸಿಮ್ವಾಸ್ಟಾಟಿನ್, ಅಟೊರ್ವಾಸ್ಟಾಟಿನ್ ನುಂಗುವವರಿಗೂ ಕೆಲವು ಬಿಪಿ ಮಾತ್ರೆಯವರಿಗೂ ಇದರಿಂದ ಔಷಧದ ಮಟ್ಟ ರಕ್ತದಲ್ಲಿ ಏರಬಹುದು. ಅಂಥವರು ಚಕೋತ ತಿನ್ನುವ ಮುನ್ನ ವೈದ್ಯರನ್ನು ಕೇಳಲಿ. ಶುಗರ್ ಮಾತ್ರೆಯನ್ನಂತೂ ಯಾರೂ ತಾವಾಗಿಯೇ ಅರ್ಧ ಮಾಡಬೇಡಿ.

ಮುಂದೆ ಇಂಥ ಬರಹ ಹಾಕುವಾಗ ಪ್ರಯೋಗ ಇಲಿಯ ಮೇಲೋ ಮನುಷ್ಯರ ಮೇಲೋ, ಕೊಟ್ಟ ಪ್ರಮಾಣ ಎಷ್ಟು ಎಂಬುದನ್ನು ತಲೆಬರಹದ ಕೆಳಗೇ ಅಚ್ಚು ಮಾಡಿ. ಕೊನೆಯ ಸಾಲಿನವರೆಗೆ ಓದಿ ಅಂಗಡಿಗೆ ಬರುವವರು ಕಡಿಮೆ.

– ಒಬ್ಬ ಫಾರ್ಮಸಿಸ್ಟ್, ಕೌಲ್ ಬಜಾರ್, ಬಳ್ಳಾರಿ