ಅದು ಕಕ್ಕೆಯಲ್ಲ, ಸೆನ್ನಾ

ಮಾನ್ಯ ಸಂಪಾದಕರೇ,

ದಸರಾ ಆಸುಪಾಸಿನಲ್ಲಿ ನಾಗರಹೊಳೆ, ಬಂಡೀಪುರದ ಕಾಡಂಚಿನಲ್ಲಿ ಹಳದಿ ಹೂ ಹೊತ್ತು ನಿಲ್ಲುವ ಮರವನ್ನು ಕಕ್ಕೆ ಎಂದುಕೊಂಡು ಫೋಟೊ ತೆಗೆಯುವವರೇ ಹೆಚ್ಚು. ಅದು ಅಮೆರಿಕದ ಉಷ್ಣವಲಯದಿಂದ ಬಂದ ಸೆನ್ನಾ ಸ್ಪೆಕ್ಟಾಬಿಲಿಸ್. ನಮ್ಮ ಕಕ್ಕೆ ಅರಳುವುದು ಯುಗಾದಿ ಕಳೆದ ಮೇಲೆ, ಗೊಂಚಲು ಕೆಳಕ್ಕೆ ಜೋಲುತ್ತದೆ. ಸೆನ್ನಾದ ಗೊಂಚಲು ಕೊಂಬೆಯ ತುದಿಯಲ್ಲಿ ನೆಟ್ಟಗೆ ನಿಲ್ಲುತ್ತದೆ. ಹೂವಿಲ್ಲದಾಗ ಎಲೆ ನೋಡಿ: ಕಕ್ಕೆಯ ಒಂದು ಕಡ್ಡಿಗೆ ಅಂಗೈ ಉದ್ದದ 4ರಿಂದ 8 ಜೊತೆ ಎಲೆ, ಸೆನ್ನಾದಲ್ಲಿ ಬೆರಳುದ್ದದ ಚೂಪು ಎಲೆಗಳು 10ರಿಂದ 15 ಜೊತೆ. ಸೆನ್ನಾ ತೆಗೆಯಲೆಂದು ಇದು ಗೊತ್ತಿಲ್ಲದ ಕೈಗೆ ಮಚ್ಚು ಕೊಟ್ಟರೆ ಮೊದಲು ಸಾಯುವುದು ಕಕ್ಕೆಯೇ.

ನೆರಳಿಗೆ, ಅಂದಕ್ಕೆ ಎಂದು ನೆಟ್ಟ ಮರ ಈಗ ಕಾಡಿನೊಳಗೆ ತೋಪುಗಟ್ಟಿದೆ. ಅದರಡಿ ಹುಲ್ಲು ಏಳುವುದಿಲ್ಲ. ಜಿಂಕೆ, ಕಾಟಿ, ಆನೆಗೆ ಅಲ್ಲಿ ಮೇವಿಲ್ಲ.

ಅದನ್ನು ತೆಗೆಯುವ ಕೆಲಸ ಕೆಡುವುದು ಕಡಿಯುವಲ್ಲಿ. ಬುಡಕ್ಕೆ ಗರಗಸ ಹಾಕಿದರೆ ಬೇರಿನಲ್ಲಿ ಕೂಡಿಟ್ಟ ಆಹಾರ ಹಾಗೇ ಉಳಿದು, ಒಂದು ಕಾಂಡವಿದ್ದ ಕಡೆ ಹತ್ತಾರು ಚಿಗುರು ಏಳುತ್ತವೆ. ದೊಡ್ಡ ಮರವನ್ನು ನಿಂತಲ್ಲೇ ಬಿಟ್ಟು, ನೆಲದಿಂದ 1 ಮೀಟರ್ ಎತ್ತರದವರೆಗೆ ಸುತ್ತಲೂ ತೊಗಟೆ ಸುಲಿಯಬೇಕು. ಎಲೆ ಮಾಡಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಹಾದಿಯಲ್ಲೇ. ಅದು ಕಡಿದುಹೋದರೆ ಬೇರು ಹಸಿದು, ಮರ ನಿಧಾನಕ್ಕೆ ಒಣಗುತ್ತದೆ. ಒಳಗಿನ ಲೋಳೆ ಪದರವನ್ನೂ ಕೆರೆದು ತೆಗೆಯಿರಿ. ಬೆರಳಗಲದ ಪಟ್ಟಿ ಉಳಿದರೂ ಗಾಯ ಮತ್ತೆ ಕೂಡಿಕೊಳ್ಳುತ್ತದೆ. ಬುಡದ ಮಣ್ಣು ಬಿಡಿಸಿ ಬೇರು ಕವಲೊಡೆಯುವ ಕಡೆಯವರೆಗೂ ಸುಲಿಯದಿದ್ದರೆ ಅಲ್ಲಿಂದಲೇ ಚಿಗುರು. ಮರಕ್ಕೆ ಇಷ್ಟು ಎಂದು ಗುತ್ತಿಗೆ ಕೊಟ್ಟಾಗ ಮೊದಲು ತಪ್ಪಿಹೋಗುವುದು ಈ ಬುಡದ ಕೆಲಸವೇ. ದಿನಗೂಲಿ ಲೆಕ್ಕದಲ್ಲಿ, ಗಿಡಮರ ಬಲ್ಲ ಹಾಡಿಯ ಜನರಿಗೆ ಕೊಟ್ಟು, ಮುಂದಿನ ಎರಡು ಮಳೆಗಾಲವೂ ಅದೇ ಜಾಗಕ್ಕೆ ಕಳಿಸಿ ಚಿಗುರು ಮುರಿಸುವುದು ಮೇಲು.

ಸಸಿಗಳನ್ನು ಮಳೆ ಬಿದ್ದು ನೆಲ ಮೆತ್ತಗಾದಾಗ ಹಾರೆ ಹಾಕಿ ಮೀಟಿ, ಬೇರುಸಮೇತ ಕೀಳಬೇಕು. ತಾಯಿಬೇರು ತುಂಡಾದರೆ ಮತ್ತೆ ಚಿಗುರುತ್ತದೆ. ಏನೇ ಮಾಡಿದರೂ ಕಾಯಿ ಬಲಿಯುವ ಮೊದಲೇ ಆಗಬೇಕು. ಗಟ್ಟಿ ಸಿಪ್ಪೆಯ ಬೀಜ ಮಣ್ಣಿನಲ್ಲಿ ಕಾದು ಕೂರುತ್ತದೆ.

ತಮಿಳುನಾಡಿನಲ್ಲಿ ಈ ಮರವನ್ನು ಕಾಗದದ ಕಾರ್ಖಾನೆಗೆ ಸಾಗಿಸುತ್ತಾರೆ. ಇಲ್ಲೂ ಆಗಲಿ, ಆದರೆ ಬುಡ ಉಳಿಸಿ ಕಾಂಡ ಮಾತ್ರ ಒಯ್ಯುವ ಕರಾರು ಬೇಡ. ಮೈಸೂರಿನ ಬಡಾವಣೆ, ಕಾಲೇಜು ಆವರಣಗಳಲ್ಲಿ ಸೆನ್ನಾ ಇದ್ದರೆ ಈ ವರ್ಷವೇ ಬೇರುಸಹಿತ ತೆಗೆಸಿ, ಅದೇ ಗುಂಡಿಗೆ ಕಕ್ಕೆ ನೆಡಿಸಲಿ. ಹಳದಿ ಹೂವೇ ಬೇಕೆನ್ನುವವರ ಆಸೆಯೂ ತೀರುತ್ತದೆ.

– ಓದುಗರು, ಮೈಸೂರು