ಮಗುವಿನ ಕಿವುಡು ಮತ್ತು ಕೋಶಗಳ ನಡುವಿನ ಕಿಂಡಿ

ಮಾನ್ಯ ಸಂಪಾದಕರೇ,

ನಮ್ಮ ಬೀದಿಯ ಒಂದು ಮನೆಯಲ್ಲಿ ಎರಡು ವರ್ಷದ ಮಗುವಿಗೆ ಕಿವಿ ಕೇಳಿಸುವುದಿಲ್ಲವೆಂದು ಕಳೆದ ವರ್ಷ ಗೊತ್ತಾಯಿತು. ಅಡುಗೆಮನೆಯ ಹೊಸ್ತಿಲ ಬಳಿ ಕೂತು ಸ್ಟೀಲ್ ಲೋಟಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ ಆ ಮಗು, ಎರಡು ಮಾರು ದೂರದಲ್ಲಿ ಕುಕ್ಕರ್ ಮೂರು ಸಲ ಕೂಗಿದರೂ ತಲೆ ಎತ್ತದೇ ಇದ್ದುದನ್ನು ನಾನೇ ಕಂಡೆ. ಆಮೇಲೆ ತಪಾಸಣೆಗಳಾದವು. ಆದರೆ ವರದಿ ಕೈಸೇರುವ ಮೊದಲೇ ನೆಂಟರಿಷ್ಟರ ತೀರ್ಪು ಹೊರಬಿದ್ದಿತ್ತು: ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ತಾಯಿ ಹೊರಗೆ ಬಂದಿದ್ದಳಂತೆ. ಮೂವತ್ತು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದ ನನಗೆ ಆ ಮಾತು ಈಗಲೂ ಚುಚ್ಚುತ್ತದೆ. ವರದಿಯಲ್ಲಿದ್ದ ‘ಕನೆಕ್ಸಿನ್ 26’ ಎಂಬ ಹೆಸರೇನೆಂದು ತಮ್ಮ ಓದುಗರಿಗೆ ತಿಳಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಜೀವಕೋಶಗಳೆಂದರೆ ದೇಹವೆಂಬ ಕಟ್ಟಡದ ಇಟ್ಟಿಗೆಗಳು ಎಂದು ನಾವು ಮೇಷ್ಟರುಗಳು ಹೇಳಿಕೊಡುತ್ತೇವೆ. ಆ ಹೋಲಿಕೆ ಸಾಲದು. ಚಾಮರಾಜಪೇಟೆಯಂಥ ಹಳೆಯ ಬಡಾವಣೆಗಳ ವಠಾರಗಳಲ್ಲಿ ಬಾಳಿದವರು ಬೇರೆಯದನ್ನು ನೆನೆಯಬಹುದು: ಗೋಡೆಗೆ ಗೋಡೆ ತಾಗಿದ ಮನೆಗಳು, ಅವುಗಳ ನಡುವೆ ಒಂದು ಕಿಂಡಿ, ಆ ಕಿಂಡಿಯಲ್ಲಿ ಹುಳಿಯ ಬಟ್ಟಲು ದಾಟೀತು, ಮಂಚ ದಾಟದು. ಅಕ್ಕಪಕ್ಕದ ಕೋಶಗಳ ನಡುವೆ ಇಂಥ ಕಿಂಡಿಗಳಿವೆ. ಅವಕ್ಕೆ ಗ್ಯಾಪ್ ಜಂಕ್ಷನ್ ಎಂದು ಹೆಸರು. ಕನೆಕ್ಸಿನ್ ಎಂಬ ಪ್ರೋಟೀನಿನ 6 ಅಣುಗಳು ಉಂಗುರದಂತೆ ಕೂಡಿ ಒಂದು ಕೋಶದ ಪೊರೆಯಲ್ಲಿ ಅರ್ಧ ಕೊಳವೆಯಾಗುತ್ತವೆ, ಎದುರಿನ ಕೋಶದ ಪೊರೆಯಲ್ಲೂ ಅಷ್ಟೇ ಆಗುತ್ತದೆ, ಮತ್ತು ಈ ಎರಡು ಅರ್ಧಗಳು ಬಾಯಿಗೆ ಬಾಯಿ ಕೂಡಿದಾಗ ಒಂದು ಕೋಶದ ಒಳಗಿನಿಂದ ಇನ್ನೊಂದರ ಒಳಕ್ಕೆ ನೇರ ದಾರಿ ತೆರೆಯುತ್ತದೆ. 1967ರಲ್ಲಿ ರೆವೆಲ್ ಮತ್ತು ಕಾರ್ನೋವ್ಸ್ಕಿ ಎಂಬ ವಿಜ್ಞಾನಿಗಳು ಇಲಿಯ ಹೃದಯ ಮತ್ತು ಯಕೃತ್ತನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿದಾಗ ಇವು ಜೇನುಹಟ್ಟಿಯ ಕಣ್ಣುಗಳಂತೆ ಷಟ್ಕೋನವಾಗಿ ಒತ್ತೊತ್ತಾಗಿ ಕಂಡವು. ಸುಮಾರು 1,000 ಡಾಲ್ಟನ್‌ವರೆಗಿನ ತೂಕದ ಅಣುಗಳು (ಒಂದು ಡಾಲ್ಟನ್ ಎಂದರೆ ಹೆಚ್ಚುಕಡಿಮೆ ಒಂದು ಹೈಡ್ರೋಜನ್ ಪರಮಾಣುವಿನ ತೂಕ), ಅಂದರೆ ಲವಣದ ಅಯಾನುಗಳು, ಗ್ಲೂಕೋಸ್, ಸಂದೇಶ ಹೊರುವ ಸಣ್ಣ ಅಣುಗಳು ಈ ದಾರಿಯಲ್ಲಿ ಹಾಯುತ್ತವೆ. ಪ್ರೋಟೀನು, ಡಿಎನ್‌ಎಯಂಥ ದೊಡ್ಡವು ಹಾಯಲಾರವು.

ಹೃದಯದ ಕೋಟ್ಯಂತರ ಕೋಶಗಳು ಒಟ್ಟಾಗಿ ಮಿಡಿಯುವುದು ಈ ಕಿಂಡಿಗಳಲ್ಲಿ ವಿದ್ಯುತ್ತು ಕೋಶದಿಂದ ಕೋಶಕ್ಕೆ ಹರಿಯುವುದರಿಂದಲೇ. ಒಂದು ಕೋಶಕ್ಕೆ ಪೆಟ್ಟಾಗಿ ಅದರೊಳಗೆ ಕ್ಯಾಲ್ಸಿಯಂ ನುಗ್ಗಿತೆಂದರೆ ಕಿಂಡಿಗಳು ಮುಚ್ಚಿಕೊಂಡು ನೆರೆಯ ಕೋಶಗಳನ್ನು ಕಾಯುತ್ತವೆ. ತರಗತಿಯಲ್ಲಿ ಈ ಭಾಗಕ್ಕೆ ಬಂದಾಗಲೆಲ್ಲ ನಾನು ಪಾಠ ನಿಲ್ಲಿಸಿ ಮಕ್ಕಳಿಗೆ ತಮ್ಮ ನಾಡಿ ಹಿಡಿದು ನೋಡಲು ಹೇಳುತ್ತಿದ್ದೆ.

ಇನ್ನು ಕಿವಿ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುವ ಕಾಕ್ಲಿಯಾದಲ್ಲಿ ಕೂದಲಿನಂಥ ಎಳೆಗಳುಳ್ಳ ಕೋಶಗಳಿವೆ. ಸದ್ದಿಗೆ ಎಳೆ ಬಾಗಿದಾಗ ಪೊಟ್ಯಾಸಿಯಂ ಅವುಗಳೊಳಗೆ ಹರಿದು ನರಕ್ಕೆ ಸುದ್ದಿ ಮುಟ್ಟುತ್ತದೆ. ಹಾಗೆ ಬಂದ ಪೊಟ್ಯಾಸಿಯಂ ಹೊರಹೋಗಿ ಮತ್ತೆ ಬಳಕೆಗೆ ಮರಳಬೇಕು. ಸುತ್ತಲಿನ ಆಸರೆ ಕೋಶಗಳು ಅದನ್ನು ಗ್ಯಾಪ್ ಜಂಕ್ಷನ್‌ಗಳ ಮೂಲಕ ಕೈಯಿಂದ ಕೈಗೆ ದಾಟಿಸುತ್ತವೆ ಎಂಬುದು ವಿಜ್ಞಾನಿಗಳು ಬಹುಕಾಲದಿಂದ ಕೊಡುತ್ತ ಬಂದಿರುವ ವಿವರಣೆ. ಆ ಕೋಶಗಳಿಗೆ ಬೇಕಾದ ಸಂದೇಶದ ಅಣುಗಳೂ ಅದೇ ದಾರಿಯಲ್ಲಿ ಸಾಗುತ್ತವೆ. ಇಲ್ಲಿನ ಕಿಂಡಿಗಳನ್ನು ಕಟ್ಟುವ ಮುಖ್ಯ ಪ್ರೋಟೀನೇ ಕನೆಕ್ಸಿನ್ 26. ಅದರ ವಂಶವಾಹಿಗೂ ಹುಟ್ಟುಗಿವುಡಿಗೂ ಇರುವ ನಂಟು 1997ರಲ್ಲಿ ತಿಳಿದುಬಂತು. ಈ ಪ್ರೋಟೀನು 226 ಅಮೈನೋ ಆಮ್ಲಗಳ ಸರಪಳಿ. ಭಾರತೀಯರಲ್ಲಿ ಹೆಚ್ಚಾಗಿ ಕಾಣುವ ದೋಷದಲ್ಲಿ ವಂಶವಾಹಿಯ ಒಂದೇ ಒಂದು ಅಕ್ಷರ ಬದಲಾಗಿ, ಆ ಸರಪಳಿ 24ನೆಯ ಸ್ಥಾನದಲ್ಲೇ ಕಡಿದುಹೋಗುತ್ತದೆ. ಅಲ್ಲಿಗೆ ಕಿಂಡಿಯೇ ಕಟ್ಟಿಕೊಳ್ಳುವುದಿಲ್ಲ.

ಈ ದೋಷ ತಾಯಿಯೊಬ್ಬಳಿಂದ ಬರುವಂಥದ್ದಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಬಂದ ಆ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಿದ್ದರೆ ಮಾತ್ರ ಮಗು ಕಿವುಡಾಗುತ್ತದೆ. ಒಂದೊಂದೇ ಕೆಟ್ಟ ಪ್ರತಿ ಹೊತ್ತ ತಂದೆತಾಯಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿರುತ್ತದೆ. ಅಂಥ ದಂಪತಿಗೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಈ ಸಾಧ್ಯತೆ ಇದೆ. ನಮ್ಮಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಇನ್ನೂ ಇರುವುದರಿಂದ, ಒಂದೇ ಅಜ್ಜ ಅಜ್ಜಿಯ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬಂದು ಒಂದೇ ಮಗುವಿನಲ್ಲಿ ಕೂಡುವ ಸಂಭವ ಹೆಚ್ಚು. ನಾನು ಹೇಳಿದ ಮನೆಯದೂ ಸೋದರಿಕೆಯ ಸಂಬಂಧವೇ. ಸಂಬಂಧ ಬೆಳೆಸಿದ ಹಿರಿಯರೇ ಆ ತಾಯಿಯತ್ತ ಬೆರಳು ತೋರಿಸಿದ್ದು ನನಗೆ ಅತ್ಯಂತ ನೋವಿನ ಸಂಗತಿ.

ಈ ಬಗೆಯ ಕಿವುಡಿನಲ್ಲಿ ಶ್ರವಣನರ ಸಾಮಾನ್ಯವಾಗಿ ಸುಸ್ಥಿತಿಯಲ್ಲಿರುತ್ತದೆ, ಆದ್ದರಿಂದ ಶ್ರವಣನರಕ್ಕೆ ನೇರವಾಗಿ ವಿದ್ಯುತ್ ಸಂಕೇತ ಮುಟ್ಟಿಸುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನವನ್ನು ಶಸ್ತ್ರಚಿಕಿತ್ಸೆಯಿಂದ ಬೇಗ ಅಳವಡಿಸಿದರೆ ಮಕ್ಕಳು ಮಾತು ಕಲಿಯುತ್ತಾರೆ. ತಡವಾದಷ್ಟೂ ಕಷ್ಟ. ಹಸುಗೂಸಿನ ಕಿವಿಯಲ್ಲಿ ಪುಟ್ಟ ಸಾಧನವಿಟ್ಟು ನಿದ್ದೆಯಲ್ಲಿರುವಾಗಲೇ ಕೆಲವೇ ನಿಮಿಷಗಳಲ್ಲಿ ಮಾಡಬಹುದಾದ ಪರೀಕ್ಷೆಯಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನವಜಾತ ಶಿಶುಗಳ ಶ್ರವಣ ತಪಾಸಣೆಯನ್ನು ವರ್ಷಗಳಿಂದ ನಡೆಸಿಕೊಂಡು ಬಂದಿದೆ. ನಮ್ಮ ಬೀದಿಯ ಮಗುವಿಗೆ ಹೆರಿಗೆಯಾದ ಆಸ್ಪತ್ರೆಯಲ್ಲಿ ಆ ಪರೀಕ್ಷೆ ಆಗಲಿಲ್ಲ, ಎರಡು ವರ್ಷ ಕಳೆದುಹೋಯಿತು. ಬೆಂಗಳೂರಿನ ದೊಡ್ಡದು ಸಣ್ಣದು ಎನ್ನದೆ ಪ್ರತಿಯೊಂದು ಹೆರಿಗೆ ಆಸ್ಪತ್ರೆಯೂ ಬಾಣಂತಿಯನ್ನು ಮನೆಗೆ ಕಳುಹಿಸುವ ಮುನ್ನ ಈ ಪರೀಕ್ಷೆ ಮಾಡುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಬೇಕು. ಆ ತಾಯಿ ಈಗ ಮತ್ತೆ ಐದು ತಿಂಗಳ ಬಸುರಿ. ವಂಶವಾಹಿ ಸಲಹೆಗಾರರನ್ನು ಕಾಣಲು ಮುಂದಿನ ವಾರ ನಾನೂ ಆಕೆಯ ಜೊತೆ ಹೋಗುತ್ತಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ, ಹನುಮಂತನಗರ, ಬೆಂಗಳೂರು